ಸ್ಟುಟ್‌ಗಾರ್ಟ್ ಸುತ್ತಿನ ಹಳೆಯ ಮಠ, ಚರ್ಚುಗಳು: ಯಾವುದು ನೋಡಬೇಕು, ಹೇಗೆ ಹೋಗಬೇಕು

"ಊರಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಹತ್ತಿರದಲ್ಲಿ ಹಳೇ ಚರ್ಚ್ ಯಾವುದು ತೋರಿಸಲಿ?" ಏಪ್ರಿಲ್ ಬಂತೆಂದರೆ ಈ ಪ್ರಶ್ನೆ ಶುರು. ಸ್ಟುಟ್‌ಗಾರ್ಟ್ ಕಡೆ ಕೆಲಸಕ್ಕೆ ಬಂದವರು, ಟ್ಯೂಬಿಂಗೆನ್‌ನಲ್ಲಿ ಓದುವ ಹುಡುಗರು, ಎರಡು ವಾರದ ಮಟ್ಟಿಗೆ ಬಂದವರು ಎಲ್ಲರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಟ್ಟಿದ್ದೇನೆ.

ಇಲ್ಲಿ ಹೇಳುವುದೆಲ್ಲ ಜರ್ಮನಿಯ ನೈಋತ್ಯ ಮೂಲೆಯ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದ ವಿಷಯ. ಸ್ಟುಟ್‌ಗಾರ್ಟ್ ಇದರ ರಾಜಧಾನಿ. ಕನ್ನಡದವರಿಗೆ ಈ ನೆಲದ ನಂಟು ಹಳೆಯದು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಈ ಕಡೆಯ ಬ್ರಾಕೆನ್‌ಹೈಮ್ ಊರಿನವರು. ಕನ್ನಡ ನಿಘಂಟಿನ ಕಿಟ್ಟೆಲ್ ಕೊನೆಗಾಲ ಕಳೆದದ್ದು, 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗೆನ್‌ನಲ್ಲಿ. ನೀವು ಈ ಊರುಗಳಿಗೆ ಹೋದಾಗ ಇದೂ ಒಂದು ನೆನಪಿರಲಿ.

ಹಂತ 1: ಹೊರಡುವ ಮೊದಲು ಇಷ್ಟು ತಿಳಿದಿರಲಿ

ಫಲಕಗಳಲ್ಲಿ ಪದೇ ಪದೇ ಕಾಣುವ ಪದಗಳು ಕೆಲವೇ. ಕ್ಲೋಸ್ಟರ್ ಅಂದರೆ ಮಠ. ಸನ್ಯಾಸಿಗಳೋ ಸನ್ಯಾಸಿನಿಯರೋ ಒಟ್ಟಿಗೆ ಬದುಕುತ್ತಿದ್ದ ಜಾಗ. ಕಿರ್ಶೆ ಅಂದರೆ ಚರ್ಚ್. ಮ್ಯೂನ್‌ಸ್ಟರ್ ಅಂದರೆ ದೊಡ್ಡ ಚರ್ಚ್, ಈ ರಾಜ್ಯದ ಉಲ್ಮ್, ಫ್ರೈಬುರ್ಗ್, ಕಾನ್‌ಸ್ಟಾನ್ಸ್ ಊರುಗಳಲ್ಲಿ ಈ ಹೆಸರೇ. ಕ್ರಾಯ್ಟ್ಸ್‌ಗಾಂಗ್ ಅಂದರೆ ಮಠದ ಒಳಅಂಗಳದ ಸುತ್ತ ಇರುವ ಕಂಬದ ಕೈಸಾಲೆ. ನಮ್ಮ ಹಳೇ ದೇವಸ್ಥಾನಗಳ ಪೌಳಿ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ರೆಫೆಕ್ಟೋರಿಯಮ್ ಅಂದರೆ ಊಟದ ಮನೆ. ಗೋಟೆಸ್‌ಡೀನ್‌ಸ್ಟ್ ಅಂದರೆ ಆರಾಧನೆ. ಬಾಗಿಲ ಮೇಲೆ ಈ ಪದ, ಪಕ್ಕದಲ್ಲಿ ಒಂದು ಹೊತ್ತು ಬರೆದಿದ್ದರೆ ಆ ಹೊತ್ತಿನಲ್ಲಿ ನೋಡಲು ಬಿಡುವುದಿಲ್ಲ.

ಪದಗಳಿಗಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಇದು ಗೊತ್ತಿಲ್ಲದೆ ಹೋದವರೇ "ಎಲ್ಲ ಚರ್ಚೂ ಒಂದೇ ಥರ" ಎಂದು ಎರಡನೇ ದಿನಕ್ಕೆ ಸುಸ್ತಾಗುವುದು. ಈ ರಾಜ್ಯದ ಮಠಗಳು ಎರಡು ಬಗೆ. ಸ್ಟುಟ್‌ಗಾರ್ಟ್ ಸುತ್ತಲಿನ ಹಳೇ ವ್ಯೂರ್ಟೆಂಬರ್ಗ್ ನಾಡು 1534ರಲ್ಲಿ ಪ್ರಾಟೆಸ್ಟೆಂಟ್ ಆಯಿತು, ಅಂದರೆ ಪೋಪರ ಕ್ಯಾಥೊಲಿಕ್ ಪಂಥ ಬಿಟ್ಟು ಮಠಗಳನ್ನು ಒಪ್ಪದ ಹೊಸ ಪಂಥ ಹಿಡಿಯಿತು. ಅರಸರು ಮಠಗಳನ್ನು ಮುಚ್ಚಿ ಎಷ್ಟೋ ಕಡೆ ಶಾಲೆ ಮಾಡಿದರು. ಆಮೇಲೆ ಹೊಸದಾಗಿ ಕಟ್ಟಲು ದುಡ್ಡೂ ಬರಲಿಲ್ಲ, ಅಗತ್ಯವೂ ಇರಲಿಲ್ಲ. ಅದಕ್ಕೇ ಅಲ್ಲಿ 12, 13ನೇ ಶತಮಾನದ ಕಲ್ಲು ಹಾಗೇ ಉಳಿದಿದೆ. ದಕ್ಷಿಣಕ್ಕೆ, ಉಲ್ಮ್‌ನಿಂದ ಬೋಡೆನ್‌ಸೇ ಸರೋವರದವರೆಗಿನ ನಾಡಿನಲ್ಲಿ ಹೆಚ್ಚಿನ ಮಠಗಳು ಕ್ಯಾಥೊಲಿಕ್ ಆಗಿಯೇ ಉಳಿದವು. ಹಣವೂ ಇತ್ತು. 18ನೇ ಶತಮಾನದಲ್ಲಿ ಹಳೆಯದನ್ನು ಕೆಡವಿ ಬಿಳಿ, ಚಿನ್ನ, ಗುಲಾಬಿ ಬಣ್ಣದ ಬರೋಕ್ ಚರ್ಚುಗಳನ್ನು ಎಬ್ಬಿಸಿದರು. ಬರೋಕ್ ಎಂದರೆ ಸುರುಳಿ, ಚಿತ್ರ, ಚಿನ್ನದ ನೀರು ತುಂಬಿದ ಅದ್ದೂರಿ ಶೈಲಿ. 1803ರ ಹೊತ್ತಿಗೆ, ನೆಪೋಲಿಯನ್ ಕಾಲದ ಗಡಿ ಬದಲಾವಣೆಯಲ್ಲಿ, ಈ ಮಠಗಳ ಆಸ್ತಿಯೂ ಅರಸರ ಕೈ ಸೇರಿತು.

ಹಾಗಾಗಿ ನನ್ನ ಮೊದಲ ಸಲಹೆ: ಮೊದಲು ಉತ್ತರದ ಒಂದು ಬೋಳು ಕಲ್ಲಿನ ಮಠ ನೋಡಿ, ಆಮೇಲೆ ದಕ್ಷಿಣದ ಒಂದು ಬರೋಕ್ ಚರ್ಚ್. ಈ ಕ್ರಮ ತಿರುಗಿಸಬೇಡಿ. ಚಿನ್ನ ನೋಡಿದ ಕಣ್ಣಿಗೆ ಬೋಳು ಗೋಡೆ ಸಪ್ಪೆ ಅನ್ನಿಸಿಬಿಡುತ್ತದೆ. ದಿನಕ್ಕೆ ಎರಡು ಜಾಗ ಸಾಕು. ಮೂರನೆಯದು ನಿಮ್ಮ ತಲೆಗೂ ಹೋಗುವುದಿಲ್ಲ, ಹಿರಿಯರ ಮಂಡಿಗೂ ಆಗಿಬರುವುದಿಲ್ಲ.

ಹಂತ 2: ದಿನ, ಟಿಕೆಟ್, ಬಸ್ಸು

ಒಬ್ಬರೇ ಇದ್ದು ತಿಂಗಳಿಡೀ ಓಡಾಡುವವರಿಗೆ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸು ಸರಿ. ಐದು ಜನರವರೆಗಿನ ಗುಂಪಿಗೆ ಬಾಡೆನ್-ವ್ಯೂರ್ಟೆಂಬರ್ಗ್ ಟಿಕೆಟ್ ಎಂಬ ಒಂದು ದಿನದ ಟಿಕೆಟ್ ಇದೆ. ಅಪ್ಪ, ಅಮ್ಮ, ಮಕ್ಕಳು ಸೇರಿ ಹೊರಟರೆ ಇದೇ ಅಗ್ಗ. ಎರಡು ಎಚ್ಚರಿಕೆ. ಒಂದು, ಇವು ಐಸಿಇ, ಐಸಿ ಥರದ ವೇಗದ ರೈಲುಗಳಲ್ಲಿ ನಡೆಯುವುದಿಲ್ಲ. ಪ್ರಾದೇಶಿಕ ರೈಲು, ಎಸ್-ಬಾನ್ ಎಂಬ ಉಪನಗರ ರೈಲು, ಬಸ್ಸು ಮಾತ್ರ. ಎರಡು, ದಿನದ ಟಿಕೆಟ್ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9ರ ನಂತರವೇ ಶುರು. ಎಂಟೂವರೆಯ ರೈಲು ಹತ್ತಿ ದಂಡ ಕಟ್ಟಿದವರನ್ನು ನೋಡಿದ್ದೇನೆ.

ಸೋಮವಾರ ಹೋಗಬೇಡಿ. ಚಳಿಗಾಲದಲ್ಲಂತೂ ಸೋಮವಾರ ಮಠಗಳ ಬಾಗಿಲು ಹಾಕಿರುವುದು ಸಾಮಾನ್ಯ. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಆರಾಧನೆ ಇರುತ್ತದೆ, ಸುತ್ತಾಡಲು ಆಗುವುದಿಲ್ಲ. ಅಂಗಡಿಗಳೂ ಮುಚ್ಚಿರುತ್ತವೆ. ನನ್ನ ಲೆಕ್ಕದಲ್ಲಿ ಮಂಗಳವಾರದಿಂದ ಶನಿವಾರದವರೆಗೆ ಒಳ್ಳೇ ದಿನ. ಟಿಕೆಟ್ ಕೊಳ್ಳುವ ಕಡೆ ಲೆಟ್ಸ್‌ಟರ್ ಐನ್‌ಲಾಸ್ ಎಂದು ಬರೆದಿರುತ್ತದೆ. ಒಳಗೆ ಬಿಡುವ ಕೊನೆಯ ಹೊತ್ತು ಅದು. ಮುಚ್ಚುವ ಹೊತ್ತಿಗಿಂತ ಮೊದಲೇ ಇರುತ್ತದೆ. ಇದನ್ನು ನೋಡದೆ ಬಂದು ಗೇಟಿನಿಂದ ವಾಪಸ್ ಹೋದವರು ಬಹಳ ಜನ.

ಇನ್ನು ಬಸ್ಸಿನ ವಿಷಯ. ಹಳ್ಳಿ ಕಡೆಯ ವೇಳಾಪಟ್ಟಿಯಲ್ಲಿ ಕೆಲವು ಬಸ್ಸಿನ ಪಕ್ಕ ಫೋನಿನ ಗುರುತು ಇರುತ್ತದೆ. ಅದು ರೂಫ್‌ಬುಸ್, ಅಂದರೆ ಮೊದಲೇ ಫೋನ್ ಮಾಡಿ ಹೇಳಿದರೆ ಮಾತ್ರ ಬರುವ ಬಸ್ಸು. ನಾವು ಒಂದು ಭಾನುವಾರ ಮಳೆಯಲ್ಲಿ ಇದನ್ನು ಒಂದೂಕಾಲು ಗಂಟೆ ಕಾದು ಕೊನೆಗೆ ಟ್ಯಾಕ್ಸಿಗೆ ದುಡ್ಡು ಕೊಟ್ಟೆವು. ಇನ್ನೊಂದು ಪದ ಎಸ್‌ಇವಿ. ಹಳಿ ಕೆಲಸ ನಡೆಯುವಾಗ ರೈಲಿನ ಬದಲು ಓಡುವ ಬಸ್ಸು ಅದು. ಸ್ಟುಟ್‌ಗಾರ್ಟ್ ಸುತ್ತ ಹಳಿ ಕೆಲಸ ಜಾಸ್ತಿ. ಹಿಂದಿನ ರಾತ್ರಿ ಒಮ್ಮೆ, ಹೊರಡುವ ಬೆಳಿಗ್ಗೆ ಒಮ್ಮೆ ಆ್ಯಪ್‌ನಲ್ಲಿ ನೋಡಿಕೊಳ್ಳಿ.

ಹಂತ 3: ಬ್ಯಾಗಿನಲ್ಲಿ ಏನು, ಒಳಗೆ ಹೇಗೆ

ಒಂದು ಸ್ವೆಟರ್ ಇರಲೇಬೇಕು, ಜುಲೈ ಆದರೂ. ಹೊರಗೆ 30 ಡಿಗ್ರಿ ಇದ್ದರೂ ದಪ್ಪ ಕಲ್ಲುಗೋಡೆಯ ಒಳಗೆ ತಣ್ಣಗೆ ಕೊರೆಯುತ್ತದೆ. ಚಿಲ್ಲರೆ ನಾಣ್ಯ ಇರಲಿ, ಶೌಚಾಲಯಕ್ಕೂ ಬೇಕು, ಮೇಣದಬತ್ತಿಗೂ ಬೇಕು. ಚರ್ಚಿನಲ್ಲಿ ಮೇಣದಬತ್ತಿ ಹಚ್ಚಲು ಯಾವ ಧರ್ಮದವರಿಗೂ ಅಡ್ಡಿಯಿಲ್ಲ. ಪಕ್ಕದ ಡಬ್ಬಿಯಲ್ಲಿ ಬರೆದಷ್ಟು ನಾಣ್ಯ ಹಾಕಿ ಹಚ್ಚಿ. ಯಾರೂ ನೋಡುತ್ತಿರುವುದಿಲ್ಲ, ಆದರೂ ಹಾಕಿ.

ಊರಿಂದ ಬಂದ ಹಿರಿಯರು ಬಾಗಿಲಲ್ಲೇ ಚಪ್ಪಲಿ ಬಿಡಲು ಬಗ್ಗುತ್ತಾರೆ. ಇಲ್ಲಿ ಬಿಡಬೇಕಿಲ್ಲ, ಮೊದಲೇ ಹೇಳಿಡಿ. ಗಂಡಸರು ಟೋಪಿ ತೆಗೆಯಬೇಕು. ಭುಜ, ಮಂಡಿ ಮುಚ್ಚುವ ಬಟ್ಟೆ ಇದ್ದರೆ ಒಳ್ಳೆಯದು. ಫೋಟೋಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಫ್ಲ್ಯಾಶ್ ಬೇಡ. ಯಾರಾದರೂ ಪ್ರಾರ್ಥನೆಗೆ ಕೂತಿದ್ದರೆ ಅವರ ಮುಂದೆ ಹೋಗಿ ಸೆಲ್ಫಿ ತೆಗೆಯುವುದು ತಪ್ಪು. ಇದು ಹೇಳಬೇಕಾದ ಮಾತಲ್ಲ, ಆದರೂ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಕ್ಯಾಥೊಲಿಕ್ ಚರ್ಚಿನಲ್ಲಿ ಬಲಿಪೂಜೆ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರಬಹುದು. ಮಧ್ಯದಲ್ಲಿ ಎದ್ದು ಓಡಾಡಬೇಡಿ.

ಊಟದ ವಿಷಯ, ಸಸ್ಯಾಹಾರಿಗಳಿಗೆ. ಈ ಕಡೆಯ ಹೆಸರಾಂತ ತಿಂಡಿ ಮೌಲ್‌ಟಾಶೆ, ದೊಡ್ಡ ಕಡುಬಿನ ಥರ ಹಿಟ್ಟಿನೊಳಗೆ ಹೂರಣ. ಹೂರಣದಲ್ಲಿ ಹೊರಗೆ ಸೊಪ್ಪು ಕಂಡರೂ ಒಳಗೆ ಮಾಂಸ ಇರುತ್ತದೆ. ಉಪವಾಸದ ದಿನ ದೇವರ ಕಣ್ಣಿಗೆ ಬೀಳದಂತೆ ಮೌಲ್‌ಬ್ರಾನ್ ಮಠದ ಸನ್ಯಾಸಿಗಳು ಮಾಂಸವನ್ನು ಹಿಟ್ಟಿನಲ್ಲಿ ಮುಚ್ಚಿಟ್ಟರು ಎಂಬ ಕಥೆ ಜನ ಹೇಳುತ್ತಾರೆ. ಆಲೂಗಡ್ಡೆ ಸಲಾಡ್‌ಗೂ ಇಲ್ಲಿ ಮಾಂಸದ ಸಾರು ಹಾಕುವ ರೂಢಿಯಿದೆ. ಸುರಕ್ಷಿತ ಎಂದರೆ ಕೇಸೆಶ್ಪೆಟ್ಸ್‌ಲೆ, ಚೀಸ್ ಹಾಕಿದ ಹಿಟ್ಟಿನ ಎಳೆ. ಅದಕ್ಕೂ "ಓನೆ ಫ್ಲೈಶ್, ಓನೆ ಶ್ಪೆಕ್" ಎಂದು ಹೇಳಿ. ಮಾಂಸ ಬೇಡ, ಹಂದಿಕೊಬ್ಬು ಬೇಡ ಎಂದರ್ಥ. ಭಾನುವಾರವಾದರೆ ಮನೆಯಿಂದ ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗುವುದೇ ವಾಸಿ.

ಹಂತ 4: ಮೊದಲ ದಿನ ಮೌಲ್‌ಬ್ರಾನ್‌ಗೆ

ಒಂದೇ ಜಾಗ ನೋಡಲು ಸಮಯವಿದ್ದರೆ ಇದನ್ನೇ ನೋಡಿ. ಸ್ಟುಟ್‌ಗಾರ್ಟ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಮ್ಯೂಲಾಕರ್, ಅಲ್ಲಿಂದ ಬಸ್ಸು. ಮೌಲ್‌ಬ್ರಾನ್ ವೆಸ್ಟ್ ಎಂಬ ಸ್ಟೇಷನ್ ನೋಡಿ ಇಳಿದುಬಿಡಬೇಡಿ. ಅಲ್ಲಿಂದ ಮಠ ಸುಮಾರು ಮೂರು ಕಿಲೋಮೀಟರ್. ಹಿರಿಯರ ಜೊತೆ ಇದ್ದರೆ ಮ್ಯೂಲಾಕರ್ ಬಸ್ಸೇ ಸರಿ.

1147ರಲ್ಲಿ ಶುರುವಾದ ಮಠ ಇದು, ಸಿಸ್ಟರ್ಷಿಯನ್ ಪಂಥದವರದು. ದುಡಿಮೆ, ಮೌನ, ಸರಳತೆ ಇವರ ನಿಯಮ. ಗೋಪುರ ಕಟ್ಟುವಂತಿಲ್ಲ, ಬಣ್ಣದ ಗಾಜು ಬೇಡ, ಶಿಲ್ಪ ಬೇಡ. ಅದಕ್ಕೇ ಚರ್ಚಿನ ಮೇಲೆ ಗೋಪುರವಿಲ್ಲ, ಮಾಡಿನ ಮೇಲೆ ಒಂದು ಪುಟ್ಟ ಗಂಟೆಗೂಡು ಮಾತ್ರ. ಊರಿನ ಗೋಡೆ, ಬಾಗಿಲು, ಗಿರಣಿ, ಕೊಟ್ಟಿಗೆ, ಕಣಜ ಎಲ್ಲ ಸೇರಿ ಇಡೀ ಮಠ ಉಳಿದಿರುವುದು ಇಲ್ಲಿನ ವಿಶೇಷ. 1993ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಹೀಗೆ ಸುತ್ತಿ. ಮೊದಲು ಅಂಗಳದಲ್ಲಿ ನಿಂತು ಚರ್ಚಿನ ಮುಂದಿನ ಮೊಗಸಾಲೆ ನೋಡಿ. ಇದಕ್ಕೆ ಪಾರಾಡೀಸ್ ಎಂದು ಹೆಸರು. ಸುಮಾರು 1220ರದು. ರೊಮನೆಸ್ಕ್ ಎಂಬ ದುಂಡು ಕಮಾನಿನ ಹಳೇ ಶೈಲಿಯಿಂದ ಗೋಥಿಕ್ ಎಂಬ ಚೂಪು ಕಮಾನಿನ ಹೊಸ ಶೈಲಿಗೆ ತಿರುಗುವ ಹೊತ್ತಿನ ಕೆಲಸ. ಕಮಾನು ಇನ್ನೂ ದುಂಡಗೇ ಇದೆ, ಆದರೆ ಕಂಬಗಳು ತೆಳ್ಳಗಾಗಿ ಗೊಂಚಲಾಗಿ ಮೇಲೇಳುತ್ತಿವೆ. ಒಳಗೆ ಚರ್ಚಿನ ನಡುವೆ ಅಡ್ಡಲಾಗಿ ಒಂದು ಕಲ್ಲುಗೋಡೆ ಕಾಣುತ್ತದೆ. ಒಂದು ಕಡೆ ಪ್ರಾರ್ಥನೆ ಮಾಡುವ ಸನ್ಯಾಸಿಗಳು, ಇನ್ನೊಂದು ಕಡೆ ಹೊಲ, ಗದ್ದೆ, ಕೊಟ್ಟಿಗೆಯಲ್ಲಿ ದುಡಿಯುವ ದುಡಿಮೆಯ ಸಹೋದರರು. ಇಬ್ಬರ ಊಟದ ಮನೆಯೂ ಬೇರೆ. ದೇವರ ಮನೆಯಲ್ಲೂ ಈ ಗೋಡೆ ಇತ್ತು ಎನ್ನುವುದನ್ನು ಕಲ್ಲಿನಲ್ಲೇ ಕಾಣಬಹುದು.

ಆಮೇಲೆ ಕೈಸಾಲೆಗೆ ಬನ್ನಿ. ಅದರ ಉತ್ತರ ಬದಿಯಲ್ಲಿ, ಊಟದ ಮನೆ ಬಾಗಿಲಿನ ಎದುರಿಗೇ ಬಾವಿಮನೆ ಇದೆ. ಮೂರು ಬೋಗುಣಿಗಳ ಕಾರಂಜಿ. ಸನ್ಯಾಸಿಗಳು ಊಟಕ್ಕೆ ಮೊದಲು ಇಲ್ಲೇ ಕೈತೊಳೆಯುತ್ತಿದ್ದರು. ಇಲ್ಲಿ ಅವಸರ ಮಾಡಬೇಡಿ. ಕೈಸಾಲೆಯ ಕಲ್ಲುಕಟ್ಟೆಯ ಮೇಲೆ ಕೂತರೆ ನೀರು ಮೇಲಿನ ಬೋಗುಣಿಯಿಂದ ಕೆಳಗಿನದಕ್ಕೆ ಬೀಳುವ ಸದ್ದು ಕಮಾನಿಗೆ ತಾಗಿ ವಾಪಸ್ ಬರುತ್ತದೆ. ಗುಂಪು ಹೋದ ಮೇಲೆ ಅದೊಂದೇ ಸದ್ದು ಉಳಿಯುತ್ತದೆ. ನೀರು ಕುಡಿಯಲು ಹೇಸರಗತ್ತೆ ನಿಂತ ಜಾಗದಲ್ಲೇ ಮಠ ಕಟ್ಟಿದರು ಎಂಬುದು ಐತಿಹ್ಯ. ಹೇಸರಗತ್ತೆಗೆ ಜರ್ಮನ್‌ನಲ್ಲಿ ಮೌಲ್‌ಟೀರ್, ಬುಗ್ಗೆಗೆ ಬ್ರುನೆನ್. ಅದರಿಂದಲೇ ಊರ ಹೆಸರು ಬಂತಂತೆ. ಬಾವಿಮನೆಯ ಒಳಚಾವಣಿಯಲ್ಲಿ ಈ ಕಥೆಯ ಚಿತ್ರವಿದೆ, ತಲೆಯೆತ್ತಿ ನೋಡಿ.

ಹೊರಗೆ ಬಂದ ಮೇಲೆ ನೀರಿನ ವ್ಯವಸ್ಥೆ ನೋಡಲು ಒಂದು ಗಂಟೆ ಉಳಿಸಿಕೊಳ್ಳಿ. ಕೆರೆಯಿಂದ ಕಾಲುವೆ, ಕಾಲುವೆಯಿಂದ ಇನ್ನೊಂದು ಕೆರೆ, ನಡುವೆ ಗಿರಣಿ, ಮೀನಿನ ಹೊಂಡ. ಯುನೆಸ್ಕೋ ಈ ಮಠವನ್ನು ಮೆಚ್ಚಿದ್ದಕ್ಕೆ ಇದೂ ಒಂದು ಕಾರಣ. ಕೆರೆ ಕೋಡಿ ಬಿದ್ದು ಮುಂದಿನ ಕೆರೆ ತುಂಬುವುದನ್ನು ನೋಡಿ ಬೆಳೆದ ನಮ್ಮ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ತಂದೆ ಚರ್ಚಿಗಿಂತ ಹೆಚ್ಚು ಹೊತ್ತು ನಿಂತದ್ದು ಇಲ್ಲೇ.

1556ರಿಂದ ಇಲ್ಲಿ ಶಾಲೆ ಇದೆ. ಖಗೋಳಶಾಸ್ತ್ರಿ ಕೆಪ್ಲರ್, ಕವಿ ಹೋಲ್ಡರ್ಲಿನ್ ಇಲ್ಲಿ ಓದಿದರು. ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಕೂಡ ಇಲ್ಲಿನ ವಿದ್ಯಾರ್ಥಿ. ಅವರ ಮೊಮ್ಮಗ, ಕಾದಂಬರಿಕಾರ ಹರ್ಮನ್ ಹೆಸ್ಸೆ, 1891ರಲ್ಲಿ ಸೇರಿ ಮರುವರ್ಷ ಮಾರ್ಚ್‌ನಲ್ಲಿ ಓಡಿಹೋದ. ಹೆಸ್ಸೆಯ ತಂದೆ ಬಾಸೆಲ್ ಮಿಷನ್ ಕೆಲಸಕ್ಕೆ ಮಂಗಳೂರಿನಲ್ಲಿದ್ದವರು. ಶಾಲೆ ಈಗಲೂ ನಡೆಯುತ್ತಿರುವುದರಿಂದ ಕೆಲವು ಬಾಗಿಲುಗಳೊಳಗೆ ಬಿಡುವುದಿಲ್ಲ.

ಹಂತ 5: ಎರಡನೇ ದಿನ ಟ್ಯೂಬಿಂಗೆನ್, ಬೇಬೆನ್‌ಹೌಸೆನ್

ಮೌಲ್‌ಬ್ರಾನ್ ದೂರ ಅನ್ನಿಸಿದರೆ ಇದನ್ನೇ ಮೊದಲ ಮಠ ಮಾಡಿಕೊಳ್ಳಬಹುದು. ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗೆನ್‌ಗೆ ನೇರ ರೈಲು, ಅಲ್ಲಿಂದ ಬಸ್ಸಿನಲ್ಲಿ ಸುಮಾರು ಹದಿನೈದು ನಿಮಿಷಕ್ಕೆ ಬೇಬೆನ್‌ಹೌಸೆನ್. ಕಾಡಿನ ಅಂಚಿನ ಪುಟ್ಟ ಹಳ್ಳಿ. ಇದೂ ಸಿಸ್ಟರ್ಷಿಯನ್ನರದೇ. ಆದರೆ 15ನೇ ಶತಮಾನದ ಮೊದಲಲ್ಲಿ ಚರ್ಚಿನ ಮಾಡಿನ ಮೇಲೆ ಕಲ್ಲಿನ ಜಾಲರಿಯ ಗಂಟೆಗೂಡು ಎಬ್ಬಿಸಿದರು. ಗೋಪುರ ಕೂಡದು ಎಂಬ ನಿಯಮವನ್ನು ಮುರಿಯದೆಯೂ ಎಷ್ಟು ಚಂದ ಮಾಡಬಹುದು ಎಂದು ಇಲ್ಲಿ ನೋಡಬೇಕು. ಬಿಸಿಲು ಬಂದರೆ ಜಾಲರಿಯ ಆಚೆಯ ಆಕಾಶ ಕಾಣುತ್ತದೆ.

ಮಠ ಮುಚ್ಚಿದ ಮೇಲೆ ಒಂದು ಭಾಗ ವ್ಯೂರ್ಟೆಂಬರ್ಗ್ ಅರಸರ ಬೇಟೆಯರಮನೆ ಆಯಿತು. 1918ರಲ್ಲಿ ಪಟ್ಟ ಬಿಟ್ಟ ಕೊನೆಯ ಅರಸ ಎರಡನೇ ವಿಲ್ಹೆಲ್ಮ್ ಇಲ್ಲೇ ಇದ್ದು 1921ರಲ್ಲಿ ತೀರಿಕೊಂಡ. ಅರಮನೆ ಭಾಗಕ್ಕೆ ಗೈಡ್ ಜೊತೆಗೇ ಹೋಗಬೇಕು, ಮಾತು ಜರ್ಮನ್‌ನಲ್ಲಿರುತ್ತದೆ. ಭಾಷೆ ಬಾರದವರು ಮಠದ ಟಿಕೆಟ್ ಮಾತ್ರ ತೆಗೆದರೆ ಸಾಕು.

ಮಧ್ಯಾಹ್ನ ಟ್ಯೂಬಿಂಗೆನ್‌ಗೆ ವಾಪಸ್ ಬಂದು ಸ್ಟಿಫ್ಟ್ಸ್‌ಕಿರ್ಶೆ ನೋಡಿ. ವ್ಯೂರ್ಟೆಂಬರ್ಗ್ ಅರಸು ಮನೆತನದ ಸಮಾಧಿಗಳು ಇದರೊಳಗಿವೆ. 1477ರಲ್ಲಿ ಶುರುವಾದ ವಿಶ್ವವಿದ್ಯಾಲಯ ಪಕ್ಕದಲ್ಲೇ. ಕಿಟ್ಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. ಆ ಬೀದಿಗಳ ಉರುಟು ಕಲ್ಲಿನ ಮೇಲೆ ನಡೆಯುವಾಗ ಇದನ್ನು ನೆನೆಸಿಕೊಂಡರೆ ಸಾಕು, ನನಗೆ ಮೈ ಜುಮ್ ಎನ್ನುತ್ತದೆ. ಕನ್ನಡಕ್ಕೆ ಬದುಕು ಕೊಟ್ಟವರೊಬ್ಬರು ಕೊನೆಗೆ ಬಂದು ಸೇರಿದ್ದು ಈ ಊರಿಗೆ.

ಹಂತ 6: ಉಲ್ಮ್, ಜೊತೆಗೆ ವಿಬ್ಲಿಂಗೆನ್

ಉಲ್ಮ್ ಮ್ಯೂನ್‌ಸ್ಟರ್ ಬಗ್ಗೆ ಎಲ್ಲರಿಗೂ ಗೊತ್ತಿರುವುದು ಎತ್ತರ. 161.53 ಮೀಟರ್. 1890ರಿಂದ ಜಗತ್ತಿನ ಅತಿ ಎತ್ತರದ ಚರ್ಚ್ ಆಗಿತ್ತು, 2025ರಲ್ಲಿ ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಅದನ್ನು ದಾಟಿತು. ನನಗೆ ಎತ್ತರಕ್ಕಿಂತ ದೊಡ್ಡದು ಅನ್ನಿಸುವುದು ಬೇರೆ. ಇದನ್ನು ಅರಸನೂ ಕಟ್ಟಲಿಲ್ಲ, ಬಿಷಪ್ಪರೂ ಕಟ್ಟಲಿಲ್ಲ. 1377ರಲ್ಲಿ ಊರಿನ ಜನ ತಮ್ಮದೇ ದುಡ್ಡಿನಲ್ಲಿ ಶುರು ಮಾಡಿದರು. ಹತ್ತು ಸಾವಿರ ಜನವೂ ಇರದ ಊರು ಇಪ್ಪತ್ತು ಸಾವಿರ ಜನ ನಿಲ್ಲುವ ಚರ್ಚಿಗೆ ಕೈ ಹಾಕಿತು. ಮುಗಿಯಲು ಐನೂರು ವರ್ಷ ಬೇಕಾಯಿತು. 1530ರಲ್ಲಿ ಪ್ರಾಟೆಸ್ಟೆಂಟ್ ಆಗಲು ತೀರ್ಮಾನಿಸಿದ್ದೂ ಊರಿನ ಜನವೇ, ಮತ ಹಾಕಿ.

ಗೋಪುರ ಹತ್ತುವವರಿಗೆ: 768 ಮೆಟ್ಟಿಲು, ಮೇಲೆ ಹೋದಂತೆ ಸುರುಳಿ ಇನ್ನೂ ಇಕ್ಕಟ್ಟು. ಮಂಡಿ ನೋವು, ಬಿಪಿ, ಎತ್ತರದ ಭಯ ಇದ್ದವರು ಬೇಡ. ದುರಸ್ತಿ ನಡೆಯುವಾಗ ತುದಿಯವರೆಗೆ ಬಿಡುವುದಿಲ್ಲ, ಟಿಕೆಟ್ ತೆಗೆಯುವ ಮೊದಲು ಎಲ್ಲಿಯವರೆಗೆ ಬಿಡುತ್ತಾರೆ ಎಂದು ಕೇಳಿ. ಹತ್ತದವರಿಗೆ ಏನೂ ನಷ್ಟವಿಲ್ಲ. ಒಳಗೆ, ಮುಂಭಾಗದಲ್ಲಿ, ಯೋರ್ಗ್ ಸ್ಯೂರ್ಲಿನ್ 1469ರಿಂದ 1474ರ ನಡುವೆ ಕೆತ್ತಿದ ಓಕ್ ಮರದ ಆಸನಗಳಿವೆ. ಅವುಗಳ ಕೊನೆಯಲ್ಲಿ ಸಂತರಷ್ಟೇ ಅಲ್ಲ, ಹಳೇ ಗ್ರೀಕ್, ರೋಮನ್ ಪಂಡಿತರಾದ ಪೈಥಾಗೊರಸ್, ಟಾಲೆಮಿ, ಸಿಸೆರೊ ಮುಖಗಳೂ ಇವೆ. ಮರದಲ್ಲಿ ಕಣ್ಣಿನ ಕೆಳಗಿನ ಚರ್ಮದ ಸುಕ್ಕು ಕೂಡ ಕಾಣುತ್ತದೆ. ಮ್ಯೂನ್‌ಸ್ಟರ್ ಒಳಗೆ ಹೋಗಲು ದುಡ್ಡಿಲ್ಲ, ಗೋಪುರಕ್ಕೆ ಮಾತ್ರ ಟಿಕೆಟ್.

ಮಧ್ಯಾಹ್ನ ಊರ ಬಸ್ಸಿನಲ್ಲೇ ವಿಬ್ಲಿಂಗೆನ್ ಮಠಕ್ಕೆ ಹೋಗಿ. ನೋಡಬೇಕಾದದ್ದು 1744ರ ಗ್ರಂಥಾಲಯ. ಕಂಬಗಳು ಗುಲಾಬಿ, ಹಸಿರು ಅಮೃತಶಿಲೆಯಂತೆ ಕಾಣುತ್ತವೆ, ಎಲ್ಲವೂ ಮರ, ಮೇಲೆ ಬಣ್ಣ. ಬೆಳಿಗ್ಗೆ ಉಲ್ಮ್‌ನ ಕಲ್ಲು, ಮಧ್ಯಾಹ್ನ ಈ ಬಣ್ಣ. ಮೊದಲ ಹಂತದಲ್ಲಿ ಹೇಳಿದ ಎರಡು ಬಗೆ ಒಂದೇ ದಿನದಲ್ಲಿ ಕಾಣುತ್ತದೆ.

ಮೌಲ್‌ಬ್ರಾನ್, ಬೇಬೆನ್‌ಹೌಸೆನ್, ವಿಬ್ಲಿಂಗೆನ್ ಮೂರನ್ನೂ ನೋಡಿಕೊಳ್ಳುವುದು ರಾಜ್ಯದ ಅರಮನೆ, ತೋಟಗಳ ಇಲಾಖೆ. ಇವರಲ್ಲಿ ಹಲವು ಜಾಗಗಳಿಗೆ ಸೇರಿ ಒಂದು ಕಾರ್ಡ್ ಸಿಗುತ್ತದೆ. ಮೂರ್ನಾಲ್ಕು ಜಾಗ ನೋಡುವವರು ಮೊದಲ ಕೌಂಟರಿನಲ್ಲೇ ಕೇಳಿ ಲೆಕ್ಕ ಹಾಕಿ.

ಹಂತ 7: ಬೋಡೆನ್‌ಸೇ ಸರೋವರಕ್ಕೆ ಎರಡು ದಿನ

ಸ್ಟುಟ್‌ಗಾರ್ಟ್‌ನಿಂದ ಒಂದೇ ದಿನದಲ್ಲಿ ಹೋಗಿ ಬರಲು ನೋಡಬೇಡಿ. ರೈಲಿನಲ್ಲೇ ದಿನ ಕಳೆಯುತ್ತದೆ. ಕಾನ್‌ಸ್ಟಾನ್ಸ್‌ನಲ್ಲಿ ಒಂದು ರಾತ್ರಿ ಉಳಿಯಿರಿ.

ಮೊದಲ ದಿನ ರೈಶೆನೌ ದ್ವೀಪ. ರೈಶೆನೌ ಸ್ಟೇಷನ್ ದ್ವೀಪದಲ್ಲಿಲ್ಲ, ದಡದಲ್ಲಿದೆ. ಅಲ್ಲಿಂದ ಸಾಲುಮರದ ದಾರಿಯಲ್ಲಿ ಬಸ್ಸು ದ್ವೀಪಕ್ಕೆ ಹೋಗುತ್ತದೆ. 724ರಲ್ಲಿ ಪಿರ್ಮಿನ್ ಎಂಬ ಸನ್ಯಾಸಿ ಇಲ್ಲಿ ಮಠ ಹಾಕಿದ. ಸಾವಿರ ವರ್ಷದ ಹಿಂದೆ ಯುರೋಪಿನಲ್ಲೇ ಹೆಸರಾದ ಓದುಬರಹದ ಜಾಗ ಇದು. 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಮೂರು ಹಳೇ ಚರ್ಚುಗಳಿವೆ: ಓಬರ್‌ಸೆಲ್, ಮಿಟೆಲ್‌ಸೆಲ್, ನೀಡರ್‌ಸೆಲ್ ಎಂಬ ಮೂರು ಹಳ್ಳಿಗಳಲ್ಲಿ.

ಬಿಡಬಾರದ್ದು ಓಬರ್‌ಸೆಲ್‌ನ ಸಂತ ಜಾರ್ಜ್ ಚರ್ಚ್. ಗೋಡೆಯ ಮೇಲೆ ಸಾವಿರ ವರ್ಷ ಹಳೆಯ ಎಂಟು ದೊಡ್ಡ ಚಿತ್ರಗಳಿವೆ. ಯೇಸುವಿನ ಪವಾಡಗಳು: ಬಿರುಗಾಳಿ ನಿಲ್ಲಿಸಿದ್ದು, ಕುರುಡನಿಗೆ ಕಣ್ಣು ಕೊಟ್ಟದ್ದು, ಸತ್ತ ಲಾಜರನನ್ನು ಎಬ್ಬಿಸಿದ್ದು. ಇಲ್ಲಿ ಎಚ್ಚರ: ಜನರ ಉಸಿರಿನ ತೇವದಿಂದ ಚಿತ್ರ ಹಾಳಾಗುತ್ತದೆಂದು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಗೈಡ್ ಜೊತೆ, ನಿಗದಿ ಹೊತ್ತಿನಲ್ಲಿ ಮಾತ್ರ ಬಿಡುತ್ತಾರೆ. ಹೊತ್ತು ಮೊದಲೇ ನೋಡಿಕೊಂಡು ಉಳಿದೆರಡು ಚರ್ಚುಗಳನ್ನು ಅದರ ಸುತ್ತ ಹೊಂದಿಸಿಕೊಳ್ಳಿ.

ಒಳಗೆ ಇನ್ನೊಂದು ಚಿತ್ರ ಹುಡುಕಿ, ದೊಡ್ಡ ಚಿತ್ರಗಳ ನಡುವೆ ಜನ ಇದನ್ನು ದಾಟಿ ಹೋಗುತ್ತಾರೆ. 14ನೇ ಶತಮಾನದ್ದು. ನಾಲ್ಕು ಪಿಶಾಚಿಗಳು ಒಂದು ಹಸುವಿನ ಚರ್ಮ ಹಿಡಿದು ನಿಂತಿವೆ, ಒಂದು ಅದರ ಮೇಲೆ ಬರೆಯುತ್ತಿದೆ. ಮೇಲ್ಗಡೆ ಇಬ್ಬರು ಹೆಂಗಸರ ತಲೆ. ಆರಾಧನೆಯ ಹೊತ್ತಿನಲ್ಲಿ ಅವರು ಆಡಿದ ಹರಟೆಯನ್ನೆಲ್ಲ ಪಿಶಾಚಿಗಳು ಬರೆದುಕೊಳ್ಳುತ್ತಿವೆ. ಚರ್ಮದ ಮೇಲಿನ ಹಳೇ ಜರ್ಮನ್ ಪದ್ಯದಲ್ಲಿ ಆ ಹರಟೆಗೆ 'ಪ್ಲಾ ಪ್ಲಾ' ಎಂದೇ ಬರೆದಿದೆ. ಏಳುನೂರು ವರ್ಷದ ಹಿಂದೆಯೂ ಅದೇ ಮಾತು.

ಮಿಟೆಲ್‌ಸೆಲ್ ಚರ್ಚಿನ ಪಕ್ಕ ಒಂದು ಗಿಡಮೂಲಿಕೆ ತೋಟವಿದೆ. 9ನೇ ಶತಮಾನದಲ್ಲಿ ವಾಲಾಫ್ರಿಡ್ ಸ್ಟ್ರಾಬೊ ಎಂಬ ಸನ್ಯಾಸಿ ತನ್ನ ತೋಟದ ಗಿಡಗಳ ಬಗ್ಗೆ ಲ್ಯಾಟಿನ್ ಪದ್ಯ ಬರೆದ. ಅದನ್ನು ಓದಿಕೊಂಡು ಈಗಿನ ತೋಟ ಮಾಡಿದ್ದಾರೆ. ದ್ವೀಪದಲ್ಲಿ ಈಗಲೂ ತರಕಾರಿಯೇ ಮುಖ್ಯ ಬೆಳೆ, ಸೌತೆ, ಟೊಮೆಟೊ, ಸೊಪ್ಪು.

ಎರಡನೇ ದಿನ ಬಿರ್ನೌ. ಕಾನ್‌ಸ್ಟಾನ್ಸ್‌ನಿಂದ ಫೇರಿಯಲ್ಲಿ ಮೀರ್ಸ್‌ಬುರ್ಗ್, ಅಲ್ಲಿಂದ ಬಸ್ಸು. ಫೇರಿಗೆ ಬೇರೆ ಟಿಕೆಟ್ ಬೇಕು. 1746ರಿಂದ 1749ರ ನಡುವೆ ಕಟ್ಟಿದ, ದ್ರಾಕ್ಷಿ ತೋಟದ ಮೇಲೆ ನಿಂತ ಗುಲಾಬಿ ಬಣ್ಣದ ಯಾತ್ರಾ ಚರ್ಚ್. ಇದನ್ನು ಕಟ್ಟಿಸಿದ ಪಕ್ಕದ ಸಾಲೆಮ್ ಮಠದವರೂ ಸಿಸ್ಟರ್ಷಿಯನ್ನರೇ! ಮೌಲ್‌ಬ್ರಾನ್‌ನಲ್ಲಿ ಶಿಲ್ಪ ಬೇಡ ಎಂದವರು ಆರುನೂರು ವರ್ಷದ ಮೇಲೆ ಇಲ್ಲಿ ಒಂದು ಅಂಗುಲ ಗೋಡೆಯನ್ನೂ ಖಾಲಿ ಬಿಟ್ಟಿಲ್ಲ. ಪಕ್ಕದ ಬಲಿಪೀಠಗಳಲ್ಲಿ ಸಿಸ್ಟರ್ಷಿಯನ್ನರ ದೊಡ್ಡ ಗುರು ಸಂತ ಬರ್ನಾರ್ಡ್‌ರದನ್ನು ಹುಡುಕಿ. ಅಲ್ಲಿ ಒಂದು ಗುಂಡು ಗುಂಡಾದ ಮಗು ಜೇನುಗೂಡನ್ನು ಕಂಕುಳಲ್ಲಿ ಹಿಡಿದು ಬೆರಳು ಚೀಪುತ್ತಿದೆ. ಬರ್ನಾರ್ಡ್ ಮಾತು ಜೇನಿನಂತೆ ಎಂಬುದಕ್ಕೆ ಈ ಗುರುತು. ಮಕ್ಕಳನ್ನು ಕರೆದುಕೊಂಡು ಹೋದರೆ "ಜೇನು ಕದ್ದ ಪಾಪು ಎಲ್ಲಿದೆ, ಹುಡುಕಿ" ಎಂದು ಬಿಡಿ. ಅವರೇ ಇಡೀ ಚರ್ಚ್ ನೋಡುತ್ತಾರೆ.

ಹಂತ 8: ಇನ್ನೂ ದಿನ ಇದ್ದರೆ

*ಹಿರ್ಸೌ.* ಕಾಲ್ವ್ ಊರಿನ ಹತ್ತಿರ. 1692ರಲ್ಲಿ ಫ್ರೆಂಚ್ ಸೈನ್ಯ ಸುಟ್ಟ ಮಠದ ಅವಶೇಷ. ಹಂಪಿ ಇಷ್ಟವಾದವರಿಗೆ ಇದೂ ಇಷ್ಟವಾಗುತ್ತದೆ. ಹೆಸ್ಸೆ ಹುಟ್ಟಿದ, ಗುಂಡರ್ಟ್ ಭಾರತದಿಂದ ಬಂದು ನೆಲೆಸಿದ ಊರು ಕಾಲ್ವ್, ಅದನ್ನೂ ಸೇರಿಸಿಕೊಳ್ಳಿ.

*ಫ್ರೈಬುರ್ಗ್.* ಮ್ಯೂನ್‌ಸ್ಟರ್ ಬಾಗಿಲ ಪಕ್ಕದ ಕಲ್ಲಿನ ಮೇಲೆ ರೊಟ್ಟಿಯ ಅಳತೆಯ ಗೆರೆಗಳನ್ನು ಕೊರೆದಿದ್ದಾರೆ, ಪಕ್ಕದಲ್ಲಿ 1270, 1317ರಂತಹ ಇಸವಿ. ಸಂತೆಯಲ್ಲಿ ಕೊಂಡ ರೊಟ್ಟಿ ಚಿಕ್ಕದು ಅನ್ನಿಸಿದರೆ ತಂದು ಇದಕ್ಕೆ ಹಿಡಿದು ನೋಡಬಹುದಿತ್ತು. ಭಾನುವಾರ ಬಿಟ್ಟು ದಿನವೂ ಬೆಳಿಗ್ಗೆ ಸುತ್ತಲೂ ಸಂತೆ ಈಗಲೂ ಇದೆ.

*ವೈನ್‌ಗಾರ್ಟೆನ್.* ರಾವೆನ್ಸ್‌ಬುರ್ಗ್‌ನಿಂದ ಬಸ್ಸು. ದೊಡ್ಡ ಬರೋಕ್ ಚರ್ಚ್, 1750ರ ಆರ್ಗನ್. ಯೇಸು ಸ್ವರ್ಗಕ್ಕೇರಿದ ಹಬ್ಬದ ಮರುದಿನದ ಶುಕ್ರವಾರ ಸಾವಿರಾರು ಜನ ಕುದುರೆಯ ಮೇಲೆ ಮೆರವಣಿಗೆ ಹೋಗುತ್ತಾರೆ. ಆ ದಿನ ಹೋಗುವವರು ಬೆಳಗಿನ ಜಾವವೇ ಅಲ್ಲಿರಬೇಕು. ಉಳಿದವರು ಆ ದಿನ ಆ ಕಡೆ ಹೋಗಬೇಡಿ, ಬಸ್ಸೂ ಸಿಗುವುದಿಲ್ಲ, ಜಾಗವೂ ಸಿಗುವುದಿಲ್ಲ.

*ಬಾಯ್‌ರಾನ್.* ಮೇಲೆ ಹೇಳಿದ ಮಠಗಳೆಲ್ಲ ಈಗ ಹೆಚ್ಚಾಗಿ ನೋಡುವ ಜಾಗಗಳು. ಸನ್ಯಾಸಿಗಳು ಇನ್ನೂ ಬದುಕುತ್ತಿರುವ ಮಠ ನೋಡಬೇಕೆಂದರೆ ಡ್ಯಾನ್ಯೂಬ್ ಕಣಿವೆಯ ಬಾಯ್‌ರಾನ್‌ಗೆ ಹೋಗಿ. ಬೆನೆಡಿಕ್ಟೈನ್ ಪಂಥದವರು 1863ರಲ್ಲಿ ಇಲ್ಲಿಗೆ ಬಂದರು. ರೈಲು ಸ್ಟೇಷನ್‌ನಿಂದ ಮಠಕ್ಕೆ ಕೆಲವೇ ನಿಮಿಷದ ನಡಿಗೆ. ಸಂಜೆಯ ಪ್ರಾರ್ಥನೆಗೆ ವೆಸ್ಪರ್ ಎಂದು ಹೆಸರು. ಅದಕ್ಕೆ ಯಾರು ಬೇಕಾದರೂ ಹೋಗಿ ಕೂರಬಹುದು, ಟಿಕೆಟ್ ಇಲ್ಲ. ಸನ್ಯಾಸಿಗಳು ಲ್ಯಾಟಿನ್‌ನಲ್ಲಿ ಹಾಡುತ್ತಾರೆ, ಒಂದು ಸಾಲು ಒಂದು ಬದಿಯವರು, ಮುಂದಿನ ಸಾಲು ಎದುರು ಬದಿಯವರು. ಹತ್ತು ನಿಮಿಷ ಮೊದಲೇ ಹೋಗಿ, ಫೋನ್ ಆಫ್ ಮಾಡಿ, ಅವರು ಎದ್ದಾಗ ಎದ್ದು ನಿಲ್ಲಿ. ವೆಸ್ಪರ್ ಮುಗಿದ ಮೇಲೆ ಆ ಸ್ಟೇಷನ್‌ನಿಂದ ಹೊರಡುವ ರೈಲುಗಳು ಕಡಿಮೆ. ವಾಪಸ್ ಬರುವ ರೈಲಿನ ಹೊತ್ತನ್ನು ಒಳಗೆ ಹೋಗುವ ಮೊದಲೇ ಬರೆದಿಟ್ಟುಕೊಳ್ಳಿ.